ಕಾಯಿ ಸುಲಿಯುವುದಕ್ಕೆ ಹೆಸರು ಬೇಕೆ?

ಕ್ರಿಯಾಪದದಿಂದ ನಾಮಪದ ಮಾಡಿಕೊಳ್ಳುವ ಮಾತು ಬಂದರೆ ಕನ್ನಡದ ಪಂಡಿತರಲ್ಲಿ ಎರಡು ಬಣ. ಕನ್ನಡದ ಧಾತುಗಳಿಗೆ ಆ ಕಸುವಿಲ್ಲ, ಶಾಸ್ತ್ರಕ್ಕೂ ಆಡಳಿತಕ್ಕೂ ಸಂಸ್ಕೃತದ ಬಾಗಿಲಿಗೇ ಹೋಗಬೇಕು ಅನ್ನುವವರು ಒಂದು ಕಡೆ. ಇವರ ಕೈಗೆ ಸಿಕ್ಕಿದರೆ ಕೂಡಿಡುವುದು ‘ಸಂಗ್ರಹಣೆ’, ಹಸನು ಮಾಡುವುದು ‘ಸಂಸ್ಕರಣೆ’. ಕಸುವು ಬೇಕಾದಷ್ಟಿದೆ, ಯಾವ ಧಾತುವಿಗಾದರೂ ‘ಇಕೆ’ಯನ್ನೋ ‘ವಿಕೆ’ಯನ್ನೋ ಅಂಟಿಸಿದರೆ ಹೆಸರು ತಯಾರು ಅನ್ನುವವರು ಇನ್ನೊಂದು ಕಡೆ. ‘ಸುಲಿಯುವಿಕೆ’, ‘ಒಣಗಿಸುವಿಕೆ’, ‘ಕೀಳುವಿಕೆ’ಗಳು ಇವರ ಕೊಡುಗೆ. ಜಗಳ ಹಳೆಯದು. ಆದರೆ ಜಗಳವಾಡುವ ಇಬ್ಬರೂ ತಕರಾರಿಲ್ಲದೆ ಒಪ್ಪಿಕೊಂಡ ಸಂಗತಿ ಒಂದಿದೆ: ಮಾಡುವ ಪ್ರತಿಯೊಂದು ಕೆಲಸಕ್ಕೂ ನಾಮಪದ ಇರಲೇಬೇಕು, ಇಲ್ಲದಿದ್ದರೆ ಭಾಷೆ ಬಡವು. ನನ್ನ ತಕರಾರು ಇರುವುದು ಆ ಒಪ್ಪಿಗೆಯ ಮೇಲೆಯೇ.

ಇದನ್ನು ಪರೀಕ್ಷೆ ಮಾಡಲು ಗ್ರಂಥಾಲಯಕ್ಕಿಂತ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ತೋಟ ಒಳ್ಳೆಯ ಜಾಗ. ಇಲ್ಲಿ ಒಂದೇ ಕಾಯಿ ಮರದಿಂದ ಮಂಡಿಗೆ ಹೋಗುವಷ್ಟರಲ್ಲಿ ಹತ್ತಾರು ಕೆಲಸ ದಾಟುತ್ತದೆ. ಬಲಿತ ಕಾಯಿ ಕೀಳಿಸಬೇಕು. ಅಟ್ಟಕ್ಕೆ ಹಾಕಬೇಕು. ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಮಟ್ಟೆಯ ಸಮೇತ ಬಿದ್ದಿದ್ದು, ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಗಿಟುಕಾಗುತ್ತದೆ. ಅಲ್ಲಾಡಿಸಿದರೆ ಲೊಟಲೊಟ ಸದ್ದು. ಆಮೇಲೆ ಸುಲಿಯಬೇಕು, ಚಿಪ್ಪು ಒಡೆಯಬೇಕು, ಕೊಬ್ಬರಿ ಆರಿಸಬೇಕು, ಚೀಲಕ್ಕೆ ತುಂಬಬೇಕು. ಇಷ್ಟು ಕೆಲಸಗಳಲ್ಲಿ ಒಂದಕ್ಕಾದರೂ ರೈತನ ಬಾಯಲ್ಲಿ ನಾಮಪದವಿದೆಯೇ? ಕಿವಿಗೊಟ್ಟು ಕೇಳಬೇಕು.

“ಸುಲಿಯೋರು ಸಿಕ್ಕಿದ್ರೇನಣ್ಣ?”

“ಎಲ್ಲಿ ಸಿಕ್ತಾರಪ್ಪ? ಅಟ್ಟದಲ್ಲಿ ಕಾಯಿ ಹಂಗೇ ಬಿದ್ದವೆ. ಸಾವಿರಕ್ಕೆ ಇನ್ನೊಂದಿಷ್ಟು ಹೆಚ್ಚಿಗೆ ಕೊಡ್ತೀನಿ ಅಂದ್ರೂ ಬರಲ್ಲ ಅಂತಾರೆ.”

ಸುಲಿಯುವವನಿಗೆ ಹೆಸರಿದೆ, ಕಾಯಿಗೆ ಹೆಸರಿದೆ, ಕಾಯಿ ಬಿದ್ದಿರುವ ಅಟ್ಟಕ್ಕೂ ಹೆಸರಿದೆ. ಸುಲಿಯುವ ಕೆಲಸಕ್ಕೆ ಮಾತ್ರ ಇಲ್ಲ. ಇಬ್ಬರೂ ಅದರ ಕೊರತೆಯಿಂದ ಎಲ್ಲೂ ತಡವರಿಸಲಿಲ್ಲ. ಕೆಲಸದ ಮಾತು ಬಂದೇ ಬಂದರೆ ‘ಸುಲಿಯೋದು’, ‘ಸುಲಿಯಕ್ಕೆ’, ‘ಸುಲಿಯೋದ್ರಲ್ಲಿ’ ಎಂದು ಸಾಗುತ್ತದೆ.

ಪಂಡಿತರು ಇದನ್ನು ಹಳ್ಳಿಯ ಮಾತಿನ ಬಡತನ ಅನ್ನಬಹುದು. ಹಾಗಾದರೆ ಇದೇ ರೈತ ರಾಗಿ ಹೊಲಕ್ಕೆ ಹೋದಾಗ ಆಡುವ ಮಾತು ನೋಡಿ. ಅಲ್ಲಿ ಉಳುವುದಕ್ಕೆ ‘ಉಳುಮೆ’ ಇದೆ. ಸಾಲದ್ದಕ್ಕೆ ‘ಉಕ್ಕೆ’ಯೂ ಇದೆ: ಹಳಗನ್ನಡದ ‘ಉೞ್’ ಧಾತುವಿಗೆ ‘ಕೆ’ ಸೇರಿ, ‘ೞ’ ಕರಗಿ, ಉಳಿದದ್ದು. ಒಂದುಕ್ಕೆ, ಎರಡುಕ್ಕೆ, ಮೂರುಕ್ಕೆ ಎಂದು ಎಣಿಸುತ್ತಾರೆ. ಒಬ್ಬನೇ ರೈತ, ಒಂದೇ ಭಾಷೆ. ಉಳುವುದಕ್ಕೆ ಎರಡೆರಡು ಹೆಸರು, ಸುಲಿಯುವುದಕ್ಕೆ ಒಂದೂ ಇಲ್ಲ. ಇದಕ್ಕೆ ವ್ಯಾಕರಣದಲ್ಲಿ ಕಾರಣ ಹುಡುಕಿದರೆ ಸಿಗುವುದಿಲ್ಲ. ಕಾರಣ ಕೂಲಿಯ ಲೆಕ್ಕದಲ್ಲಿದೆ. ಹೊಲ ಉತ್ತಾಗ ಎಣಿಸುವುದಕ್ಕೆ ಕೈಗೆ ಸಿಗುವ ಸರಕು ಏನೂ ಇಲ್ಲ. ಎಷ್ಟು ಸಲ ಉತ್ತೆ ಎನ್ನುವುದನ್ನೇ ಎಣಿಸಬೇಕು, ಹಾಗಾಗಿ ಉಳುವ ಕೆಲಸವೇ ಒಂದು ವಸ್ತುವಾಗಿ ‘ಉಕ್ಕೆ’ ಎಂಬ ಹೆಸರು ಹೊತ್ತಿತು. ಸುಲಿದಾಗ ಎಣಿಸಲು ಎದುರಿಗೇ ಕಾಯಿ ರಾಶಿ ಬಿದ್ದಿದೆ. ‘ಸಾವಿರಕ್ಕೆ ಇಷ್ಟು’ ಎಂದರೆ ಮುಗಿಯಿತು. ಸುಲಿಯುವ ಕೆಲಸಕ್ಕೆ ಬೇರೆ ಹೆಸರು ಯಾಕೆ?

ನಾನು ಹೇಳುವುದು ಇಷ್ಟೇ: ಕ್ರಿಯೆಯಿಂದ ನಾಮಪದ ಹುಟ್ಟುವುದು ಆ ಕ್ರಿಯೆ ಮಾಡುವವನ ಕೈಯಿಂದ ಕಳಚಿಕೊಂಡಾಗ. ಅದನ್ನು ಎಣಿಸಬೇಕಾದಾಗ, ಮಾರಬೇಕಾದಾಗ, ಕಡತಕ್ಕೆ ಬರೆಯಬೇಕಾದಾಗ, ಇಲ್ಲವೇ ಸಾವು, ನೋವು, ಅಳುಗಳ ಹಾಗೆ ಯಾರ ಮೇಲೋ ಬಂದು ಬೀಳುವಾಗ. ಪ್ರತ್ಯಯ ಆಮೇಲಿನ ಮಾತು.

‘ಸುಲಿ’ಗೂ ಒಂದು ನಾಮಪದ ಹುಟ್ಟಿದೆಯಲ್ಲ, ‘ಸುಲಿಗೆ’. ಆದರೆ ಕಾಯಿ ಸುಲಿಯುವುದನ್ನು ಯಾರೂ ಸುಲಿಗೆ ಅನ್ನುವುದಿಲ್ಲ. ದಾರಿಯಲ್ಲಿ ಅಡ್ಡಹಾಕಿ ಕಿತ್ತುಕೊಳ್ಳುವುದು ಸುಲಿಗೆ, ದಲ್ಲಾಳಿ ತೂಕದಲ್ಲಿ ಹೊಡೆಯುವುದು ಸುಲಿಗೆ. ಕಾಯಿಗೆ ಆಗುವುದಕ್ಕೆ ಹೆಸರಿಲ್ಲ, ಕಾಯಿ ಬೆಳೆದವನಿಗೆ ಆಗುವುದಕ್ಕೆ ಹೆಸರಿದೆ. ಅದೂ ಯಾರ ಮೇಲೋ ಬಂದು ಬೀಳುವ ಸಾಲಿಗೇ ಸೇರಿದ್ದು.

ಈಗ ಅದೇ ಕೊಬ್ಬರಿಯ ಹಿಂದೆ ತಿಪಟೂರಿನ ಮಾರುಕಟ್ಟೆಗೆ ಹೋಗಿ. ಅಂಗಳ ದಾಟುತ್ತಲೇ ನಾಮಪದಗಳ ಸುರಿಮಳೆ. ತೂಗಿದ್ದು ‘ತೂಕ’ವಾಯಿತು. ಬೇಡುವುದು ‘ಬೇಡಿಕೆ’ಯಾಯಿತು, ಪೂರೈಸುವುದು ‘ಪೂರೈಕೆ’. ದರದ ‘ಏರಿಕೆ’, ‘ಇಳಿಕೆ’, ‘ಕುಸಿತ’, ‘ಜಿಗಿತ’, ‘ಚೇತರಿಕೆ’, ಎಲ್ಲವೂ ಸೇರಿ ‘ಏರಿಳಿತ’. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಕಟ್ಟಿತ್ತು. ಆ ಅಂಕಿಯ ಕೆಳಗೆ ದರ ಹೋದರೆ ಪತ್ರಿಕೆಗೆ ‘ಕುಸಿತ’ ಎಂಬ ಒಂದೇ ಪದ ಸಾಕು, ಯಾರು ಕುಸಿದರು ಎಂದು ಯಾರೂ ಕೇಳುವುದಿಲ್ಲ. ದರ ತಾನಾಗಿ ಏರುತ್ತದೆ, ತಾನಾಗಿ ಇಳಿಯುತ್ತದೆ, ಅದಕ್ಕೆ ಮಾಡುವವನಿಲ್ಲ. ಅಂಥ ಕಡೆ ಕನ್ನಡ ಒಂದಿಷ್ಟೂ ತಿಣುಕದೆ ನಾಮಪದ ಹೆರುತ್ತದೆ, ಸಂಸ್ಕೃತದ ಹಂಗೂ ಇಲ್ಲ, ‘ವಿಕೆ’ಯ ಹಂಗೂ ಇಲ್ಲ. ಕೊಳ್ಳುವುದಕ್ಕೆ ಮಾತ್ರ ಮಂಡಿಯವರು ‘ಖರೀದಿ’ಯನ್ನು ಪಾರಸಿಯಿಂದ ತಂದುಕೊಂಡರು. ‘ಕೊಳ್ಳುವಿಕೆ’ ಎಂದು ಹೊಸೆಯುವುದಕ್ಕಿಂತ ಸಿದ್ಧವಾಗಿ ಸಿಕ್ಕ ಪದ ತರುವುದು ಮೇಲು ಅನ್ನಿಸಿರಬೇಕು. ವ್ಯಾಪಾರಸ್ಥರ ಕಿವಿ ಕೆಲವೊಮ್ಮೆ ಪಂಡಿತರದಕ್ಕಿಂತ ಚುರುಕು.

ತಾಲ್ಲೂಕು ಕಚೇರಿಯಲ್ಲೂ ಇದೇ ಕತೆ. ಅಲ್ಲಿ ಬಳಕೆಯಲ್ಲಿರುವುದು ಬೇರೆ ಕಡೆ ಅಷ್ಟಾಗಿ ಕಾಣದ ‘ವಳಿ’ ಪ್ರತ್ಯಯ: ಸಾಗುವಳಿ, ಹಿಡುವಳಿ, ಹುಟ್ಟುವಳಿ, ನಡವಳಿ. ಬಗರ್‌ಹುಕುಂ ಅರ್ಜಿ ಹಾಕಿಕೊಂಡು ಅಲೆದವನಿಗೆ ‘ಸಾಗುವಳಿ ಚೀಟಿ’ ಎಂದರೆ ಏನೆಂದು ಯಾವ ಭಾಷಾತಜ್ಞನೂ ಹೇಳಿಕೊಡಬೇಕಾಗಿಲ್ಲ. ಹೊಲದಲ್ಲಿ ಅವನು ಗೇಯುತ್ತಾನೆ. ಕಡತದಲ್ಲಿ ಅದು ಸಾಗುವಳಿ. ಹೊಲ ಅವನ ಕೈಯಲ್ಲಿದೆ. ಕಡತದಲ್ಲಿ ಅದು ಹಿಡುವಳಿ. ಈ ‘ವಳಿ’ಯನ್ನು ಹಿಡಿದು ‘ಸುಲಿವಳಿ’, ‘ಕೀಳುವಳಿ’ ಮಾಡಬಹುದಲ್ಲ ಎಂದು ಯಾರಾದರೂ ಹೊರಟರೆ ನಗೆಪಾಟಲು. ಕಂದಾಯ ಇಲಾಖೆಗೆ ಕಾಯಿ ಸುಲಿಯುವುದರಲ್ಲಿ ಆಸಕ್ತಿ ಇರಲಿಲ್ಲ, ಅದಕ್ಕೇ ಆ ಪದ ಇಲ್ಲ.

ಹೀಗಿರುವಾಗ ಎಲ್ಲಕ್ಕೂ ಹೆಸರು ಬೇಕು ಎಂಬ ಹಟ ಎಲ್ಲಿಂದ ಬಂತು? ನನ್ನ ಅನುಮಾನ ನಮ್ಮ ವ್ಯಾಕರಣಗಳ ಹುಟ್ಟಿನ ಮೇಲೆಯೇ. ತುರುವೇಕೆರೆಯಲ್ಲಿ ಹೊಯ್ಸಳರ ಗುಡಿಗಳು ಏಳುತ್ತಿದ್ದ ಹದಿಮೂರನೆಯ ಶತಮಾನದಲ್ಲಿ, ಸುಮಾರು 1260ರ ಹೊತ್ತಿಗೆ, ಕೇಶಿರಾಜ ಶಬ್ದಮಣಿದರ್ಪಣ ಬರೆದ. ಕನ್ನಡದ ನಾಡಿ ಹಿಡಿದು ನೋಡುವುದರಲ್ಲಿ ಅವನಿಗೆ ಸಮನಾದವರು ಕಡಿಮೆ. ಆದರೂ ನಾಮಪ್ರಕೃತಿಗಳನ್ನು ವಿಂಗಡಿಸಲು ಅವನು ಎತ್ತಿಕೊಂಡ ಚೌಕಟ್ಟು ಕೃತ್, ತದ್ಧಿತ, ಸಮಾಸಗಳದ್ದು. 1604ರಲ್ಲಿ ಭಟ್ಟಾಕಳಂಕ ಕನ್ನಡ ವ್ಯಾಕರಣದ ಸೂತ್ರಗಳನ್ನು ಸಂಸ್ಕೃತದಲ್ಲೇ ರಚಿಸಿದ. ಸಂಸ್ಕೃತದಲ್ಲಿ ‘ಅನ’ ಎಂಬ ಕೃತ್ ಪ್ರತ್ಯಯ ಹೆಚ್ಚುಕಡಿಮೆ ಯಾವ ಧಾತುವಿಗೂ ಹತ್ತುತ್ತದೆ: ಗಮನ, ಪಠನ, ಛೇದನ, ಖನನ. ಅದನ್ನು ಕಂಡ ಕಣ್ಣಿಗೆ ಕನ್ನಡದಲ್ಲೂ ಅಂಥದೊಂದು ಇರಬೇಕು ಅನ್ನಿಸುವುದು ಸಹಜ. ಹುಡುಕಿದರು, ‘ಉವಿಕೆ’ ಸಿಕ್ಕಿತು. ಶಾಲೆಯ ಪುಸ್ತಕಕ್ಕೆ ‘ಕೃದಂತ ಭಾವನಾಮ’ ಎಂಬ ತಲೆಬರಹದ ಕೆಳಗೆ ‘ಓಟ, ಓಡುವಿಕೆ, ನೋಟ, ನೋಡುವಿಕೆ, ಮಾಟ, ಮಾಡುವಿಕೆ’ ಎಂದು ಜೋಡಿ ಜೋಡಿಯಾಗಿ ಬಂದು ಕೂತವು.

ಈ ಜೋಡಿಗಳನ್ನು ಮಕ್ಕಳು ಉರುಹೊಡೆದು ಅಂಕ ತೆಗೆದುಕೊಳ್ಳುತ್ತಾರೆ, ಸಂತೋಷ. ‘ಮಾಟ’ ಎಂದರೆ ಮಾಡುವುದು ಎಂದು ನಂಬಿದ ಹುಡುಗ ಊರಿಗೆ ಬಂದು “ನಮ್ಮಪ್ಪ ತೋಟದಲ್ಲಿ ಮಾಟದಲ್ಲಿದ್ದಾರೆ” ಎಂದರೆ ನೆರೆಮನೆಯವರು ಬಾಗಿಲಿಗೆ ನಿಂಬೆಹಣ್ಣು ಕಟ್ಟಿಕೊಂಡಾರು. ಹಳಗನ್ನಡದಲ್ಲಿ ಮಾಟಕ್ಕೆ ಮಾಡುವುದು, ಮಾಡಿದ ಚೆಲುವು ಎಂಬ ಅರ್ಥಗಳು ಇದ್ದವು; ‘ಮಾಟವಾದ ಮೂಗು’ ಅನ್ನುವುದರಲ್ಲಿ ಅದರ ನೆರಳು ಈಗಲೂ ಇದೆ. ಬಳಕೆ ಅದನ್ನು ಬೇರೆ ದಾರಿಗೆ ಎಳೆದುಕೊಂಡು ಹೋಯಿತು. ಅಡುಗೆಮನೆಯಲ್ಲಿ ಇನ್ನೊಂದಿದೆ. ‘ಕಲಿ’ಗೆ ‘ಕಲಿಕೆ’, ‘ಹೇಳು’ಗೆ ‘ಹೇಳಿಕೆ’. ಹಾಗಾದರೆ ಕಾಯಿ ತುರಿಯುವುದಕ್ಕೆ? ‘ತುರಿಕೆ’. ನಿಯಮದ ಪ್ರಕಾರ ತಪ್ಪಿಲ್ಲ. ಆದರೆ ತುರಿಕೆಗೆ ಬೇಕಾದದ್ದು ಮುಲಾಮು. ತುರಿಯುವ ಮಣೆಯ ಮುಂದೆ ಕೂತ ಹೆಂಗಸಿಗೆ ‘ತುರಿ’ ಎಂದರೆ ತಟ್ಟೆಗೆ ಬಿದ್ದ ಬಿಳಿ ರಾಶಿ. ಧಾತುವೇ ಏನೂ ಅಂಟಿಸಿಕೊಳ್ಳದೆ ನಾಮಪದವಾಗಿದೆ, ಆದರೆ ಅದು ಕೆಲಸದ ಹೆಸರಲ್ಲ, ಕೆಲಸದಿಂದ ಬಂದ ಪದಾರ್ಥದ ಹೆಸರು. ಬೆಳೆಯುವುದರಿಂದ ಬಂದ ‘ಬೆಳೆ’ಯೂ ಹಾಗೆಯೇ.

ಒಂದೇ ಧಾತು ನಾಲ್ಕೈದು ಹೆಸರು ಹೆತ್ತ ಕಡೆ ನೋಡಿದರೆ ವಿಷಯ ಇನ್ನೂ ಸ್ಪಷ್ಟ. ‘ನಡೆ’ಯಿಂದ ನಡಿಗೆ, ನಡತೆ, ನಡವಳಿ, ನಡವಳಿಕೆ, ಜೊತೆಗೆ ಬರಿಯ ನಡೆ. ಕಾಲಿನದು ನಡಿಗೆ. ಶಾಲೆ ಬಿಡುವಾಗ ಪ್ರಮಾಣಪತ್ರದಲ್ಲಿ ಬರೆಸಿಕೊಳ್ಳುವುದು ನಡತೆ. ಸಭೆಯದು ನಡವಳಿ. ನಾಲ್ಕು ಜನರ ಎದುರು ಕಾಣುವುದು ನಡವಳಿಕೆ. ರಾಜಕಾರಣಿಯದು ಮುಂದಿನ ನಡೆ. ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಇಷ್ಟು ಜನ ಕೂತ ಪಂಕ್ತಿಗೆ ‘ನಡೆಯುವಿಕೆ’ ಬಂದು ನಿಂತರೆ ಅದಕ್ಕೆ ಎಲೆ ಹಾಕುವವರು ಯಾರು?

ಇದು ಕನ್ನಡಕ್ಕೆ ಮಾತ್ರ ಅಂಟಿದ ಚಾಳಿಯಲ್ಲ. ಜಪಾನಿ ಕಲಿಸುವ ಪುಸ್ತಕಗಳಲ್ಲೂ ನಮ್ಮ ಶಾಲಾ ವ್ಯಾಕರಣದಂಥದೇ ಒಂದು ಸಲೀಸು ಸೂತ್ರ ಇರುತ್ತದೆ: ಕ್ರಿಯಾಪದದಿಂದ ‘ಮಸು’ ಕಳಚಿದರೆ ಉಳಿಯುವ ರೂಪವೇ ನಾಮಪದ. ‘ಒಯೊಗು’ ಈಜುವ ಕ್ರಿಯೆ, ‘ಒಯೊಗಿ’ ಈಜು. ‘ಒದೊರು’ ಕುಣಿ, ‘ಒದೊರಿ’ ಕುಣಿತ. ಕಾಗದ ಮಡಿಸುವ ಒರಿಗಾಮಿಯಲ್ಲಿರುವ ‘ಒರಿ’, ಸುಕಿಯಾಕಿಯ ‘ಯಾಕಿ’ ಎಲ್ಲ ಈ ಬಗೆಯವೇ. ಆದರೆ ನಾಲ್ಕು ಹೆಜ್ಜೆ ಮುಂದೆ ಹೋದರೆ ಸೂತ್ರ ಕೈಕೊಡುತ್ತದೆ. ‘ಯಸುಮು’ ಎಂದರೆ ದಣಿವಾರಿಸಿಕೊಳ್ಳುವುದು. ‘ಯಸುಮಿ’ ಶಾಲೆಗೆ ಕೊಡುವ ರಜೆಯೂ ಹೌದು, ನಮ್ಮ ‘ಬಿಡು’ವಿನಿಂದ ‘ಬಿಡುವು’ ಬಂದ ಹಾಗೆ. ‘ಹನಸು’ ಎಂದರೆ ಮಾತಾಡುವುದು. ‘ಹನಶಿ’ ಕತೆಯೂ ಆಗುತ್ತದೆ. ‘ತಬೆರು’ ಎಂದರೆ ತಿನ್ನುವುದು, ಆದರೆ ‘ತಬೆ’ ಒಂಟಿಯಾಗಿ ನಾಮಪದವಾಗಿ ನಿಲ್ಲುವುದೇ ಇಲ್ಲ. ‘ಮೊನೊ’ ಜೊತೆಗೂಡಿ ‘ತಬೆಮೊನೊ’ ಆದರೆ ಮಾತ್ರ ತಿನಿಸು. ನೋಡುವ ‘ಮಿರು’ವಿನ ‘ಮಿ’ಗೂ ಒಂಟಿ ಬಾಳಿಲ್ಲ, ‘ಹನಮಿ’ಯಲ್ಲಿ ಹೂವಿನ ಜೊತೆ ಸೇರಿಕೊಂಡು ಬದುಕಿದೆ. ಹಾಗಾದರೆ ಯಾವ ಕ್ರಿಯೆಯನ್ನಾದರೂ ಹೆಸರಾಗಿ ಆಡಬೇಕಾದಾಗ ಜಪಾನಿಯವರು ಏನು ಮಾಡುತ್ತಾರೆ? ಇಡೀ ಕ್ರಿಯಾಪದದ ಹಿಂದೆ ‘ಕೊತೊ’ ಅಥವಾ ‘ನೊ’ ಇಡುತ್ತಾರೆ: ‘ಒಯೊಗು ಕೊತೊ’, ಅಂದರೆ ಈಜುವುದು. (ಜಪಾನಿಗೂ ತಮಿಳಿಗೂ ನಂಟು ಕಟ್ಟಿದ ಒನೊ ಸುಸುಮು ಅವರ ವಾದವನ್ನು ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪಿಲ್ಲ, ನನಗೂ ಇಲ್ಲಿ ನೆಂಟಸ್ತನ ಬೇಕಾಗಿಲ್ಲ.) ಇಷ್ಟು ಸಾಕು: ಅಲ್ಲೂ ಎರಡು ಬೇರೆ ಬೇರೆ ದಾರಿಗಳಿವೆ, ಒಂದು ಎಲ್ಲ ಕ್ರಿಯೆಗೂ ತೆರೆದದ್ದು, ಇನ್ನೊಂದು ಬಳಕೆ ಆರಿಸಿಕೊಂಡವಕ್ಕೆ ಮಾತ್ರ.

ಕನ್ನಡದಲ್ಲಿ ಎಲ್ಲಕ್ಕೂ ತೆರೆದ ದಾರಿ ‘ಉವುದು’. ಸಂಸ್ಕೃತದ ‘ಅನ’ಕ್ಕೆ ಜೋಡಿ ಹುಡುಕಬೇಕಾದ ಜಾಗ ಅದು, ‘ಉವಿಕೆ’ ಅಲ್ಲ. ಅದಕ್ಕೆ ಹತ್ತದ ಧಾತು ಇಲ್ಲ. ಎಲ್ಲ ವಿಭಕ್ತಿಯೂ ಸಲೀಸು: ಸುಲಿಯುವುದನ್ನು, ಸುಲಿಯುವುದಕ್ಕೆ, ಸುಲಿಯುವುದರಿಂದ, ಸುಲಿಯುವುದರಲ್ಲಿ. ಎಲ್ಲಕ್ಕಿಂತ ಹೆಚ್ಚಾಗಿ, ಹೆಸರಾದ ಮೇಲೂ ಅದು ಕ್ರಿಯೆಯ ಗುಣ ಬಿಡುವುದಿಲ್ಲ. ‘ಅವನು ಬೇಗ ಬೇಗ ಕಾಯಿ ಸುಲಿಯುವುದು’ ಎಂದರೆ ಮಾಡುವವನು, ಮಾಡಿಸಿಕೊಳ್ಳುವ ವಸ್ತು, ಮಾಡುವ ಬಗೆ ಎಲ್ಲ ಜೊತೆಯಲ್ಲೇ ಇವೆ. ಇನ್ನೊಂದು ದಾರಿಯಲ್ಲಿ ಬಂದ ‘ಓಟ’, ‘ಹೊಡೆತ’ಗಳು ಪೂರಾ ನಾಮಪದಗಳು. ಎರಡು ಹೊಡೆತ ಎನ್ನಬಹುದು, ಜೋರಾದ ಓಟ ಎನ್ನಬಹುದು. ‘ನಾಯಿಯನ್ನು ಹೊಡೆತ’ ಎನ್ನಲಾಗದು. ‘ಉವಿಕೆ’ ಎರಡರ ನಡುವೆ ಸಿಕ್ಕಿಕೊಂಡಿದೆ. ಎರಡು ಸುಲಿಯುವಿಕೆ ಎಂದು ಎಣಿಸಲೂ ಆಗದು, ‘ಅವನು ಬೇಗ ಬೇಗ ಕಾಯಿ ಸುಲಿಯುವಿಕೆ’ ಎಂದು ನುಡಿಯಲೂ ಆಗದು. ಪ್ರತ್ಯಯದ ಮೇಲೆ ನನಗೆ ಹಗೆಯಿಲ್ಲ. ‘ಆಳ್ವಿಕೆ’ ಚೆನ್ನಾಗಿ ಬಾಳಿದೆ, ‘ಇರುವಿಕೆ’ಯೂ ನಿಂತಿದೆ. ಅವು ಬಳಕೆಯಲ್ಲಿ ಪಳಗಿ ಬಂದವು, ಸೂತ್ರದಿಂದ ಉದುರಿದವಲ್ಲ.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರನ್ನು ಇಲ್ಲಿ ನೆನೆಯಲೇಬೇಕು. ‘ಕನ್ನಡ ಮಧ್ಯಮ ವ್ಯಾಕರಣ’ ಬರೆದು ತಲೆಮಾರುಗಳಿಗೆ ಪಾಠ ಹೇಳಿದವರು ಅವರು. 1953ರಲ್ಲಿ ಬಂದ ‘ಭಾರತೀಯ ಕಾವ್ಯಮೀಮಾಂಸೆ’ಗೆ ಸಂಸ್ಕೃತದ ಹೆಸರನ್ನೇ ಇಟ್ಟರು, ಶಾಸ್ತ್ರವೇ ಅಲ್ಲಿಯದು, ಹೆಸರು ಅಲ್ಲಿಂದಲೇ ಬರಬೇಕು. ಪ್ರೇಮಗೀತೆಗಳ ಸಂಕಲನಕ್ಕೆ ಇಟ್ಟದ್ದು ‘ಒಲುಮೆ’. ‘ಒಲಿ’ ಧಾತು, ‘ಮೆ’ ಪ್ರತ್ಯಯ, ದುಡಿಮೆ ತಾಳ್ಮೆಗಳ ಓರಗೆಯದು. ಸೂತ್ರ ನಂಬಿದ್ದರೆ ‘ಒಲಿಯುವಿಕೆ’ ಎಂಬ ಹೆಸರಿನ ಪ್ರೇಮಕಾವ್ಯ ನಮ್ಮ ಪಾಲಿಗೆ ಬರುತ್ತಿತ್ತು. ವ್ಯಾಕರಣ ಬಲ್ಲವನು ವ್ಯಾಕರಣದ ಯಂತ್ರ ತಿರುಗಿಸುವವನಾಗಿರಬೇಕಿಲ್ಲ ಎನ್ನುವುದಕ್ಕೆ ಅದೇ ಸೀಮೆಯ ಸಾಕ್ಷಿ ಇದು.

ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರನ್ನು ಮುಂದಿಟ್ಟುಕೊಂಡು ನನ್ನ ಮಾತಿಗೆ ಎದುರು ಹೇಳುವವರಿದ್ದಾರೆ. 2000ದಲ್ಲಿ ಬಂದ ಅವರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ನಮ್ಮ ವ್ಯಾಕರಣಗಳ ಸಂಸ್ಕೃತದ ಕನ್ನಡಕ ಕಳಚಿದ ಪುಸ್ತಕ, ಅದಕ್ಕೆ ಮೊದಲು ಬಂದ ‘ಕನ್ನಡ ಪದಗಳ ಒಳರಚನೆ’ ಪದಕಟ್ಟಣೆಯನ್ನು ಬಿಡಿಸಿ ತೋರಿಸಿದ ಪುಸ್ತಕ. ಎರಡರ ಋಣ ಈ ಬರಹದ ಮೇಲೂ ಇದೆ. ನನ್ನ ಜಗಳ ಅವುಗಳನ್ನು ಪದ ತಯಾರಿಸುವ ಕಾರ್ಖಾನೆಯ ಕೈಪಿಡಿಯಾಗಿ ಓದಿಕೊಂಡವರ ಜೊತೆ. ‘ವಿಜ್ಞಾನಕ್ಕೆ ಹೆಸರುಗಳು ಬೇಡವೇ?’ ಎಂದು ಅವರು ಕೇಳುವುದು ನ್ಯಾಯವೇ. ಬೇಕು. ‘ಕಲಿಕೆ’ ಶಿಕ್ಷಣಶಾಸ್ತ್ರದ ಪದವಾಗಿ ಗೆದ್ದದ್ದು ಕಣ್ಣೆದುರಿಗಿದೆ. 1990ರ ದಶಕದಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾದ ‘ನಲಿ-ಕಲಿ’ಯಂತೂ ಇನ್ನೂ ಚೆಂದ: ಎರಡು ಬೋಳು ಧಾತುಗಳು, ಪ್ರತ್ಯಯವೇ ಇಲ್ಲ, ‘ಕೊಡುಕೊಳೆ’ಯ ನಡಿಗೆ. ಆದರೆ ಆ ಗೆದ್ದ ‘ಕಲಿಕೆ’ಯನ್ನೂ ನಮ್ಮವರು ಸುಮ್ಮನೆ ಬಿಡಲಿಲ್ಲ, ‘ಕಲಿಕಾ ಸಾಮಗ್ರಿ’, ‘ಕಲಿಕಾ ಚೇತರಿಕೆ’ ಎಂದು ಅದಕ್ಕೆ ಸಂಸ್ಕೃತದ ದೀರ್ಘ ತೊಡಿಸಿದರು. ಸಂಸ್ಕೃತದಲ್ಲಿ ‘ಕಲಿಕಾ’ ಎಂದರೆ ಮೊಗ್ಗು. ತೋಟಗಾರಿಕೆಯವರ ‘ಕೊಯ್ಲೋತ್ತರ’ ಅದರ ಅಣ್ಣ. ಕನ್ನಡಕ್ಕೆ ಸಂಸ್ಕೃತ ಬೆಸೆಯುವ, ಕೇಶಿರಾಜನ ಅರಿಸಮಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ, ಅಲ್ಲದೆ ಇಲ್ಲಿ ತೆಂಗಿನಕಾಯಿಯನ್ನು ಕೊಯ್ಯುವುದಿಲ್ಲ, ಕೀಳುತ್ತಾರೆ.

ಹೆಸರು ಕೊಡಲೇಬೇಕಾದ ಕಡೆಯಲ್ಲೂ ಕನ್ನಡಕ್ಕೆ ಕ್ರಿಯಾಪದವನ್ನು ಕೊಲ್ಲದೆ ಕೆಲಸ ಸಾಧಿಸುವ ಬಗೆ ಗೊತ್ತು. ತೆಂಗಿನ ರೋಗಗಳ ಹೆಸರು ನೋಡಿ. ಕಾಂಡದಿಂದ ಕಂದು ರಸ ಒಸರುವುದಕ್ಕೆ ‘ಕಾಂಡ ಸೋರುವ ರೋಗ’. ಸುಳಿ ಕೊಳೆತರೆ ‘ಸುಳಿ ಕೊಳೆ’, ಧಾತು ಹಾಗೆಯೇ ಹೆಸರು. ಅಡಿಕೆಯ ‘ಕೊಳೆರೋಗ’ ಎಷ್ಟು ಗಟ್ಟಿ ಪದವೆಂದರೆ, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಆ ರೋಗದ ಮೇಲೆ ಇಂಗ್ಲಿಷಿನಲ್ಲಿ ಪ್ರಕಟಿಸಿದ ವರದಿಯ ಹೆಸರಿನಲ್ಲೂ ‘ಕೊಳೆರೋಗ’ವೇ ಇದೆ. ‘ಕೊಳೆಯುವಿಕೆ ರೋಗ’ ಎಂದಿದ್ದರೆ ಆತ ಲ್ಯಾಟಿನ್ ಹೆಸರೊಂದನ್ನೇ ನೆಚ್ಚಿಕೊಳ್ಳುತ್ತಿದ್ದನೋ ಏನೋ.

‘ಉವಿಕೆ’ಯಿಂದ ಆಗುವ ಕೇಡು ಒಂದು ಪದದಲ್ಲಿ ನಿಲ್ಲುವುದಿಲ್ಲ, ಇಡೀ ವಾಕ್ಯಕ್ಕೆ ಹತ್ತುತ್ತದೆ. ಕ್ರಿಯೆಯನ್ನು ಹೆಸರು ಮಾಡಿ ಕೂಡಿಸಿದ ಮೇಲೆ ವಾಕ್ಯ ಮುಗಿಸಲು ಇನ್ನೊಂದು ಕ್ರಿಯಾಪದ ಕೂಲಿಗೆ ತರಬೇಕು. ಅದಕ್ಕೇ ‘ಕೈಗೊಳ್ಳು’, ‘ನಡೆಸು’, ‘ನಿರ್ವಹಿಸು’ಗಳು ಬರುತ್ತವೆ. ಕೈಪಿಡಿಗಳ ಧಾಟಿಯಲ್ಲಿ ಒಂದು ವಾಕ್ಯ: ‘ಸಂಪೂರ್ಣ ಒಣಗುವಿಕೆಯ ನಂತರ ಕಾಯಿಗಳ ಸುಲಿಯುವಿಕೆಯನ್ನು ಕೈಗೊಳ್ಳತಕ್ಕದ್ದು.’ ಇದರಲ್ಲಿ ರೈತನಿಗೆ ತಿಳಿಯದ ಪದ ಒಂದೂ ಇಲ್ಲ, ತಿಳಿಯುವ ಸಂಗತಿಯೂ ಇಲ್ಲ. ಒಣಗಿದೆ ಎಂದು ಗೊತ್ತಾಗುವುದು ಹೇಗೆ, ಸುಲಿಯುವವರು ಯಾರು ಎಂಬೆರಡನ್ನೂ ನಾಮಪದಗಳು ನುಂಗಿಕೊಂಡಿವೆ. ‘ಕಾಯಿ ಅಲ್ಲಾಡಿಸಿ ನೋಡಿ. ನೀರಿನ ಸದ್ದು ಹೋಗಿ ಗಿಟುಕು ಲೊಟಗುಟ್ಟಿದರೆ ಸುಲಿಯಬಹುದು’ ಎಂದು ಬರೆದರೆ ಹೆಚ್ಚಾಗುವುದು ಮೂರೇ ಪದ, ಆದರೆ ಬರೆಯುವವನಿಗೆ ಅಟ್ಟ ಹತ್ತಿ ಗೊತ್ತಿರಬೇಕಾಗುತ್ತದೆ. ‘ಉವಿಕೆ’ಯ ಜನಪ್ರಿಯತೆಗೆ ಇದೂ ಒಂದು ಕಾರಣವಿರಬಹುದು, ಅದರಲ್ಲಿ ಬರೆಯಲು ಏನೂ ಗೊತ್ತಿರಬೇಕಿಲ್ಲ.

ಈಚೆಗೆ ಸುಲಿಯುವ ಯಂತ್ರಗಳು ಬಂದಿವೆ. ಊರಿನವರು ಅದನ್ನು ‘ಸುಲಿಯೋ ಮಿಷಿನ್ನು’ ಅನ್ನುತ್ತಾರೆ, ‘ಸೋರುವ ರೋಗ’ದ ದಾರಿಯಲ್ಲೇ. ಮುಂದೆ ಕೂಲಿಯ ಲೆಕ್ಕ ಕಾಯಿ ಬಿಟ್ಟು ಗಂಟೆಗೆ ತಿರುಗಿದರೆ, ಬಾಡಿಗೆಗೆ ಮಿಷಿನ್ನು ತರುವವನು ಕಾಯಿ ಎಣಿಸುವ ಬದಲು ಸುಲಿದ ಸರದಿಗಳನ್ನು ಎಣಿಸತೊಡಗಿದರೆ, ಆಗ ಸುಲಿಯುವುದಕ್ಕೂ ‘ಉಕ್ಕೆ’ಯಂಥದೊಂದು ಹೆಸರು ಬೇಕಾದೀತು. ಅದು ‘ತ’ ಹಚ್ಚಿಕೊಂಡು ಬರುತ್ತದೋ, ಬೋಳಾಗಿ ಬರುತ್ತದೋ, ಇಂಗ್ಲಿಷಿನಿಂದ ಎತ್ತಿಕೊಂಡು ಬರುತ್ತದೋ, ತೀರ್ಮಾನಿಸುವವರು ಬಾಡಿಗೆ ಚೌಕಾಸಿ ಮಾಡುವ ಆ ಇಬ್ಬರು. ಪದಸಮಿತಿಯವರು ಅಲ್ಲಿಯತನಕ ‘ಸುಲಿಯುವುದು’ ಎಂದೇ ಬರೆದುಕೊಂಡಿರಬಹುದು.